ಪದಚರ್ಚೆ: ಕಡಲ ಬಂಡೆಯ ತಗ್ಗಿನ ನೀರಿಗೆ ‘ದೊಣೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

8ರಿಂದ 12 ವರ್ಷದ ಶಾಲಾಮಕ್ಕಳನ್ನು ಕಡಲಂಚಿನ ಬಂಡೆಗಳತ್ತ ಕರೆದೊಯ್ಯುವಾಗ ಅವರ ಕೈಗೆ ಕೊಡಲು ಎರಡು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ತಡೆದು ನಿಂತೆ. ಕಡಲು ಹಿಂದೆ ಸರಿದ ಮೇಲೆ ಬಂಡೆಗಳ ತಗ್ಗಿನಲ್ಲಿ ಒಂದಿಷ್ಟು ನೀರು ಉಳಿಯುತ್ತದಲ್ಲ, ಏಡಿ, ಸೀಗಡಿ, ಪುಟ್ಟ ಮೀನುಗಳು ಮುಂದಿನ ಉಬ್ಬರದವರೆಗೆ ಅದರಲ್ಲೇ ಕಾಯುತ್ತವಲ್ಲ, ಅದಕ್ಕೆ ಏನೆನ್ನೋಣ? ಇಂಗ್ಲಿಷಿನವರು ರಾಕ್‌ಪೂಲ್ ಎನ್ನುತ್ತಾರೆ.

‘ಬಂಡೆಗೊಳ’ ಎಂದು ಬರೆದು ಹೊಡೆದುಹಾಕಿದೆ. ಕೊಳ ಎಂದ ಕೂಡಲೇ ಮಕ್ಕಳಿಗೆ ತಾವರೆ, ಮೆಟ್ಟಿಲು ಕಾಣುತ್ತವೆ. ಇಲ್ಲಿರುವುದು ಕೆಲವೊಮ್ಮೆ ಬೊಗಸೆಯಷ್ಟೇ ನೀರು. ಗುಂಡಿ, ಹೊಂಡ ಎಂದರೆ ಮುಚ್ಚಬೇಕಾದದ್ದು ಎಂಬ ಭಾವ ಬರುತ್ತದೆ. ‘ಮಡು’ವಿನಲ್ಲಿ ಹೊಳೆಯ ಆಳವಿದೆ, ಹೆದರಿಕೆಯೂ ಇದೆ. ‘ಶಿಲಾಕುಂಡ’ದ ಎದುರು ಮಕ್ಕಳು ಕೈಮುಗಿದಾರು, ಬಗ್ಗಿ ನೋಡಲಾರರು.

ಆಮೇಲೆ ನೆನಪಾದದ್ದು ‘ದೊಣೆ’. ಬೆಟ್ಟದ ಬಂಡೆಯಲ್ಲಿ ತಾನಾಗಿ ಆದ ತಗ್ಗು, ಅದರಲ್ಲಿ ನಿಂತ ನೀರು. ಯಾರೂ ಅಗೆದದ್ದಲ್ಲ, ಕಟ್ಟಿಸಿದ್ದಲ್ಲ. ಹಳಗನ್ನಡದಲ್ಲಿ ದೊಣೆಗೆ ಬತ್ತಳಿಕೆ ಎಂಬ ಅರ್ಥವೂ ಉಂಟು. ತೆಲುಗಿನ ‘ದೊನ’ಕ್ಕೂ ಈ ಎರಡೂ ಅರ್ಥಗಳಿವೆ. ಒಳಗೆ ಏನನ್ನೋ ಹಿಡಿದಿಟ್ಟುಕೊಂಡ ಟೊಳ್ಳು ಎಂಬುದೇ ಎರಡನ್ನೂ ಬೆಸೆದಿರಬೇಕೆಂದು ನನ್ನ ಊಹೆ. ಹಾಗಿದ್ದರೆ ಇದಕ್ಕಿಂತ ಒಪ್ಪುವ ಮಾತು ಸಿಗುವುದು ಕಷ್ಟ.

ಒಂದು ತಕರಾರನ್ನು ನಾನೇ ಎತ್ತುತ್ತೇನೆ. ಬೆಟ್ಟದ ದೊಣೆಯ ನೀರು ಮಳೆಯದು, ಸಿಹಿ, ಅಲುಗದೆ ನಿಂತದ್ದು. ಕಡಲ ಬಂಡೆಯ ನೀರಿಗೆ ನೆಮ್ಮದಿಯೇ ಇಲ್ಲ. ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಸಲ ಕಡಲು ಬಂದು ಅದನ್ನು ತೊಳೆದು ತುಂಬುತ್ತದೆ. ನಡುವಿನ ಹೊತ್ತಿನಲ್ಲಿ ಬಿಸಿಲಿಗೆ ಆವಿಯಾಗಿ ಕಡಲಿಗಿಂತಲೂ ಉಪ್ಪಾಗುತ್ತದೆ, ಮಳೆ ಹೊಯ್ದರೆ ಸಪ್ಪಗಾಗುತ್ತದೆ. ಹಗಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೂ ಉಳಿದ ಜೀವಿಗಳ ಜೊತೆ ಸೇರಿ ಉಸಿರಾಡುವುದರಿಂದ ನೀರಿನ ಆಮ್ಲಜನಕ ಇಳಿಯುತ್ತದೆ. ಇಷ್ಟು ಏರುಪೇರನ್ನು ಬರಿಯ ‘ದೊಣೆ’ ಹೇಳುವುದಿಲ್ಲ. ಅದಕ್ಕೇ ‘ಕಡಲದೊಣೆ’ ಎಂದು ಜೋಡಿಸಿ ನೋಡಿದೆ. ಕಿವಿಗೆ ಹಿತವಾಗಿದೆ. ಆದರೆ ಓದಿಸಿ ನೋಡಿದಾಗ ಅರ್ಧದಷ್ಟು ಮಕ್ಕಳು ‘ಕಡಲ ದೊಣ್ಣೆ’ ಎಂದರು. ಒಬ್ಬ ಹುಡುಗಿ ಅದರಿಂದ ಯಾರಿಗೆ ಹೊಡೆಯುವುದು ಎಂದು ಕೇಳಿದಳು. ಒಂದೆರಡು ಸಲ ಬಾಯಲ್ಲಿ ಆಡಿದರೆ ಇದು ಸರಿಹೋದೀತು ಎಂದುಕೊಂಡಿದ್ದೇನೆ. ನೀವೇನನ್ನುತ್ತೀರಿ?

ಎರಡನೆಯದು ಹೊತ್ತಿನ ಮಾತು. ಕೆಲವು ಅನುವಾದಗಳಲ್ಲಿ ‘ಕಡಿಮೆ ಉಬ್ಬರವಿದ್ದಾಗ ಹೋಗಿ’ ಎಂದಿರುತ್ತದೆ. ಇದು ಅಪಾಯದ ಮಾತು. ಉಬ್ಬರವೆಂದರೆ ಏರುವ ನೀರು, ಕಡಿಮೆ ಏರಿದರೂ ಏರಿಕೆಯೇ. ನಮಗೆ ‘ಇಳಿತ’ ಎಂಬ ನೇರವಾದ ಪದವಿರುವಾಗ ಈ ಸುತ್ತು ಏಕೆ? ಇಳಿತ ಮುಗಿಯುವುದಕ್ಕೆ ಒಂದು ಗಂಟೆ ಮೊದಲೇ ಬಂಡೆಗಳ ಬಳಿ ಇರಬೇಕು, ನೀರು ತಿರುಗಿದ ಕೂಡಲೇ ಹಿಂದಿರುಗಬೇಕು. ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ ಇರುವುದರಿಂದ ಇಳಿತದ ಹೊತ್ತು ದಿನದಿಂದ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಕಡಲು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಏರಿಕೆ ಇಳಿಕೆ ಎರಡೂ ಕಡಿಮೆ. ಮೊದಲನೆಯದನ್ನು ಇಂಗ್ಲಿಷಿನ ದಾರಿ ಹಿಡಿದು ‘ವಸಂತ ಉಬ್ಬರ’ ಎಂದರೆ ತಪ್ಪಾಗುತ್ತದೆ. ಅಲ್ಲಿನ ‘ಸ್ಪ್ರಿಂಗ್ ಟೈಡ್’ನಲ್ಲಿ ಚಿಮ್ಮುವ ಅರ್ಥವಿದೆಯೇ ಹೊರತು ಋತುವಿನ ಮಾತಿಲ್ಲ. ‘ಹುಣ್ಣಿಮೆ ಇಳಿತ’, ‘ಅಷ್ಟಮಿ ಇಳಿತ’ ಎಂದು ಬರೆಯಬೇಕೆಂದಿದ್ದೇನೆ. ಹೆಸರಿನಲ್ಲೇ ಚಂದ್ರನಿದ್ದಾನೆ, ಮಗು ತಲೆಯೆತ್ತಿ ಆಕಾಶ ನೋಡುತ್ತದೆ.

ಪ್ರಾಣಿಗಳ ಹೆಸರಿನಲ್ಲಿ ನನ್ನನ್ನು ತುಂಬ ಕಾಡಿದ್ದು ‘ಸನ್ಯಾಸಿ ಏಡಿ’. ಇಂಗ್ಲಿಷಿನ ಹೆಸರನ್ನು ಹಾಗೇ ಇಳಿಸಿಕೊಂಡದ್ದು. ಸನ್ಯಾಸಿ ಮನೆ ಬಿಟ್ಟವನು. ಈ ಏಡಿಗೋ ಹೊಟ್ಟೆಯ ಭಾಗ ಮೆತ್ತಗಿರುವುದರಿಂದ ಮನೆಯಿಲ್ಲದೆ ಬದುಕೇ ಇಲ್ಲ. ಸತ್ತ ಶಂಖದಹುಳುವಿನ ಖಾಲಿ ಚಿಪ್ಪನ್ನು ಹುಡುಕಿ ಒಳಸೇರುತ್ತದೆ, ಬೆಳೆದಂತೆಲ್ಲ ದೊಡ್ಡದಕ್ಕೆ ಬದಲಾಗುತ್ತದೆ. ದೊಡ್ಡ ಚಿಪ್ಪೊಂದು ಖಾಲಿ ಸಿಕ್ಕಿದರೆ ಕೆಲವೊಮ್ಮೆ ಹಲವು ಏಡಿಗಳು ಗಾತ್ರದ ಕ್ರಮದಲ್ಲಿ ಸಾಲುಗಟ್ಟುತ್ತವೆ. ಮುಂದಿನದು ದೊಡ್ಡದಕ್ಕೆ ಹೋದ ಕೂಡಲೇ ಅದು ಬಿಟ್ಟ ಚಿಪ್ಪಿಗೆ ಹಿಂದಿನದು, ಅದು ಬಿಟ್ಟದ್ದಕ್ಕೆ ಇನ್ನೊಂದು. ಇಂಥ ಸಂಸಾರಿಯನ್ನು ಸನ್ಯಾಸಿ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ಮಕ್ಕಳೇ ‘ಬಾಡಿಗೆಮನೆ ಏಡಿ’ ಎಂದರು. ಟಿಪ್ಪಣಿಯಲ್ಲಿ ಅದನ್ನೇ ಇಟ್ಟಿದ್ದೇನೆ. ಖಾಲಿ ಚಿಪ್ಪನ್ನು ಮನೆಗೆ ಒಯ್ಯಬಾರದು ಏಕೆ ಎಂದು ಆಮೇಲೆ ಬೇರೆಯಾಗಿ ಹೇಳಬೇಕಾಗಲಿಲ್ಲ.

‘ಕಡಲ ಹೂ’ ಗಿಡವಲ್ಲ, ಕುಟುಕುವ ಬೆರಳುಗಳಿರುವ ಪ್ರಾಣಿ, ‘ನಕ್ಷತ್ರಮೀನು’ ಮೀನಲ್ಲ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ‘ಕಡಲನಕ್ಷತ್ರ’ ಮಾಡಿದ್ದೇನೆ. ಬಂಡೆಗೆ ಅಂಟಿದ ಸುಣ್ಣದ ಪುಟ್ಟ ಗೋಪುರದಂಥ ಬಾರ್ನಕಲ್‌ಗೆ ಮಾತ್ರ ಹೆಸರು ಹೊಳೆಯುತ್ತಿಲ್ಲ. ಚಿಪ್ಪಿನಂತೆ ಕಂಡರೂ ಅದು ಏಡಿ, ಸೀಗಡಿಗಳ ನೆಂಟ. ತಲೆಯನ್ನು ಬಂಡೆಗೆ ಅಂಟಿಸಿಕೊಂಡು ಕಾಲುಗಳಿಂದ ಆಹಾರವನ್ನು ಬಾಚಿಕೊಳ್ಳುತ್ತದೆ. ಡಾರ್ವಿನ್ 1846ರಿಂದ 1854ರವರೆಗೆ ಇದರ ಬೆನ್ನು ಹತ್ತಿದ್ದ. ಯಾರ ಮನೆಮಾತಿನಲ್ಲಾದರೂ ಹೆಸರಿದ್ದರೆ ದಯವಿಟ್ಟು ಬರೆಯಿರಿ, ಕಟ್ಟಿದ ಪದಕ್ಕಿಂತ ಆಡಿದ ಪದವೇ ಬೇಕು.

ಕೊನೆಯದು ಕ್ರಿಯಾಪದ. ನಮ್ಮಲ್ಲಿ ಚಿಪ್ಪನ್ನು ‘ಹೆಕ್ಕುತ್ತೇವೆ’, ‘ಆಯುತ್ತೇವೆ’. ಎರಡರಲ್ಲೂ ಕೈ ಕೆಲಸ ಮಾಡುತ್ತದೆ, ಚೀಲ ತುಂಬುತ್ತದೆ. 1850ರ ದಶಕದಲ್ಲಿ ಬ್ರಿಟನ್ನಿನಲ್ಲಿ ನಿಸರ್ಗತಜ್ಞ ಫಿಲಿಪ್ ಹೆನ್ರಿ ಗಾಸ್ ಬರೆದದ್ದನ್ನು ಓದಿ ಮನೆಮನೆಗೂ ಕಡಲಜೀವಿಗಳನ್ನು ಸಾಕುವ ಗಾಜಿನ ತೊಟ್ಟಿಯ ಹುಚ್ಚು ಹತ್ತಿ, ಜನ ಇಂಥ ದೊಣೆಗಳನ್ನು ಬರಿದು ಮಾಡಿದರು. ಹಾಗಾಗಿ ಟಿಪ್ಪಣಿಯಲ್ಲಿ ‘ಹೆಕ್ಕು’ ಬೇಡವೆಂದಿದ್ದೇನೆ. ಈಗ ಬರೆದಿರುವುದು ಹೀಗೆ: ‘ನಿನ್ನ ನೆರಳು ನೀರಿಗೆ ಬೀಳದಂತೆ ಕುಕ್ಕರಗಾಲಿನಲ್ಲಿ ಕೂತು ದೊಣೆಯೊಳಕ್ಕೆ ಇಣುಕು. ಕಲ್ಲನ್ನು ಮಗುಚಿದರೆ ಮೊದಲಿದ್ದಂತೆಯೇ ಮೆಲ್ಲಗೆ ಇಡು. ಶಂಕುವಿನಾಕಾರದ ಶಂಖವನ್ನು ಮುಟ್ಟಬೇಡ, ಕೆಲವಕ್ಕೆ ವಿಷದ ಮುಳ್ಳಿದೆ.’

‘ಇಣುಕು’ವಿನಲ್ಲಿ ಕದ್ದು ನೋಡುವ ಛಾಯೆ ಸ್ವಲ್ಪ ಇದೆ. ‘ಹಣಿಕಿ ನೋಡು’ ಎಂದರೆ ಆ ಛಾಯೆ ಕಡಿಮೆಯಾಗುತ್ತದೆಯೇ? ಈ ಮಾತನ್ನು ದಿನಾ ಆಡುವವರು ಹೇಳಬೇಕು. ಹಾಗೆಯೇ ‘ದೊಣೆ’ಯನ್ನು ಬೆಟ್ಟದ ನೀರಿಗೆ ಈಗಲೂ ಬಳಸುವವರು ಇದ್ದರೆ, ಅದನ್ನು ಕಡಲಿಗೆ ತಂದದ್ದು ನಿಮ್ಮ ಕಿವಿಗೆ ಒಪ್ಪುತ್ತದೆಯೇ?