ರೋಡ್‌ಸೈಡ್ ಅಸಿಸ್ಟೆನ್ಸ್ ಶುರು ಮಾಡಬೇಕು ಅಂತಿದ್ದೇನೆ, ಅಂಕೋಲಾ ಕಡೆ ನಡೆಯುತ್ತಾ?

ನಮಸ್ಕಾರ. ನಾನು ಅಂಕೋಲಾದವ. ಗೋವಾದಲ್ಲಿ ಒಂದು ಕಾರ್ ಸರ್ವಿಸ್ ಸೆಂಟರ್‌ನಲ್ಲಿ ಮೆಕ್ಯಾನಿಕ್ ಆಗಿದ್ದೆ, ಈಗ ಊರಿಗೆ ವಾಪಸ್ ಬಂದಿದ್ದೇನೆ. ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳಿಗೆ ಸ್ಥಳಕ್ಕೇ ಹೋಗಿ ರಿಪೇರಿ ಮಾಡಿಕೊಡುವುದು, ಆಗದಿದ್ದರೆ ಗ್ಯಾರೇಜಿಗೆ ಎತ್ತಿ ತರುವುದು, ಇದು ನನ್ನ ಯೋಚನೆ. ಕೈಯಲ್ಲಿ ಐದಾರು ಲಕ್ಷ ಇದೆ. ಉಳಿದದ್ದಕ್ಕೆ ಸಾಲ ಮಾಡಿ, ಕೆಟ್ಟ ಕಾರನ್ನು ಮೇಲೆ ಹತ್ತಿಸಿಕೊಂಡು ತರುವ ಸೆಕೆಂಡ್ ಹ್ಯಾಂಡ್ ಫ್ಲ್ಯಾಟ್‌ಬೆಡ್ ತಗೊಳ್ಳೋಣ ಅಂತ ಮನೆಯಲ್ಲಿ ಮಾತಾಡಿದ್ದೇನೆ. ಗೋಕರ್ಣಕ್ಕೆ ಬರುವವರು ಜಾಸ್ತಿ, ಹುಬ್ಬಳ್ಳಿ ರಸ್ತೆಯಲ್ಲಿ ರಾತ್ರಿಯಿಡೀ ಲಾರಿ ಓಡುತ್ತವೆ, ಹಾಗಾಗಿ ಕೆಲಸಕ್ಕೆ ಬರ ಇಲ್ಲ ಅಂತ ನನ್ನ ಲೆಕ್ಕ. ಈ ಕೆಲಸ ಮಾಡುತ್ತಿರುವವರು, ಮಾಡಿ ಬಿಟ್ಟವರು ಇದ್ದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಕುಮಟಾದಿಂದ

ತಮ್ಮಾ, ಫ್ಲ್ಯಾಟ್‌ಬೆಡ್ ಸದ್ಯಕ್ಕೆ ಬೇಡ. ಬೇಜಾರು ಮಾಡ್ಕೋಬೇಡ. ನನಗೆ ಗೊತ್ತಿದ್ದವರಲ್ಲಿ ಈ ಕೆಲಸ ಬಿಟ್ಟವರೆಲ್ಲ ಬಿಟ್ಟದ್ದು ಗಾಡಿಯ ಕಂತು ಕಟ್ಟಲಾಗದೆ, ಗಿರಾಕಿ ಇಲ್ಲದೆ ಅಲ್ಲ.

ನನಗೆ ಬರುವ ಫೋನುಗಳಲ್ಲಿ ಎತ್ತಿಕೊಂಡೇ ಬರಬೇಕಾದ ಗಾಡಿ ಕಡಿಮೆ. ಬ್ಯಾಟರಿ ಡೌನ್ ಆಗಿದೆ, ಪಂಚರ್ ಆಗಿದೆ ಆದರೆ ಸ್ಟೆಪ್ನಿಯಲ್ಲೂ ಹವಾ ಇಲ್ಲ, ಕೀಲಿ ಒಳಗೇ ಉಳಿದು ಡೋರ್ ಲಾಕ್ ಆಗಿದೆ, ಪೆಟ್ರೋಲ್ ಗಾಡಿಗೆ ಡೀಸೆಲ್ ಹಾಕಿಸಿಬಿಟ್ಟಿದ್ದಾರೆ, ಬರುವುದು ಇಂಥವೇ. ಇದಕ್ಕೆ ಒಂದು ಹಳೇ ಓಮ್ನಿ ಸಾಕು. ಒಳ್ಳೆಯ ಹೈಡ್ರಾಲಿಕ್ ಜಾಕ್, 12 ವೋಲ್ಟಿನ ಹವಾ ಪಂಪು, ಟ್ಯೂಬ್‌ಲೆಸ್ ಪಂಚರ್ ಕಿಟ್, ದಪ್ಪ ಜಂಪರ್ ಕೇಬಲ್, ಎರಡು ಮೂರು ಸೈಜಿನ ಚಾರ್ಜ್ ಆದ ಬ್ಯಾಟರಿ, ಫ್ಯಾನ್ ಬೆಲ್ಟ್, ಹೋಸ್ ಕ್ಲಿಪ್, ಫ್ಯೂಸು, ಕೂಲೆಂಟು. ಒಂದೆರಡು ಗಟ್ಟಿ ಮರದ ಹಲಗೆ ಮರೆಯಬೇಡ. ಮಳೆಗಾಲದಲ್ಲಿ ರಸ್ತೆ ಬದಿಯ ಕೆಂಪು ಮಣ್ಣಿನಲ್ಲಿ ಜಾಕ್ ಇಟ್ಟರೆ ಕಾರು ಏಳುವುದಿಲ್ಲ, ಜಾಕೇ ಒಳಗೆ ಇಳಿಯುತ್ತದೆ. ಅರ್ಧ ಎದ್ದ ಗಾಡಿ ಹಾಗೆ ಒಂದು ಕಡೆ ವಾಲಿದಾಗ ಕೈ ಕೆಳಗೆ ಇದ್ದರೆ ಮುಗಿಯಿತು.

ಇನ್ನೊಂದು. ಲಾರಿಗಳದ್ದು 24 ವೋಲ್ಟ್. ಗೊತ್ತಿಲ್ಲದ ಹುಡುಗರು ಪಕ್ಕದಲ್ಲಿ ಲಾರಿ ಸಿಕ್ಕಿತು ಅಂತ ಅದರಿಂದ ಕಾರಿಗೆ ಜಂಪ್ ಕೊಡಲು ಹೋಗುತ್ತಾರೆ, ಕಾರಿನ ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಸುಟ್ಟರೆ ಅದರ ದುಡ್ಡು ನಿನ್ನ ತಲೆ ಮೇಲೆ. ನೀನು ಸರ್ವಿಸ್ ಸೆಂಟರ್‌ನಲ್ಲಿದ್ದವ, ನಿನಗೆ ಗೊತ್ತಿರುತ್ತದೆ. ನಾಳೆ ಕೆಲಸಕ್ಕೆ ಇಟ್ಟುಕೊಳ್ಳುವ ಹುಡುಗನಿಗೂ ಗೊತ್ತಿರಬೇಕಲ್ವಾ.

ಈಗ ಎತ್ತುವ ಗಾಡಿಯ ಲೆಕ್ಕಕ್ಕೆ ಬರೋಣ. ಅಂಕೋಲಾದಿಂದ ಹೊರಟು ಅರಬೈಲ್ ಘಟ್ಟದಲ್ಲಿ ನಿಂತ ಕಾರನ್ನು ಹುಬ್ಬಳ್ಳಿಗೆ ಮುಟ್ಟಿಸಿದೆ ಅಂದುಕೋ. ಹೋಗುವಾಗ ಬಾಡಿಗೆ ಚೆನ್ನಾಗಿಯೇ ಕಾಣಿಸುತ್ತದೆ. ಬರುವಾಗ ಗಾಡಿ ಖಾಲಿ, ಆದರೆ ಡೀಸೆಲ್ಲು, ಡ್ರೈವರ್ ಭತ್ಯೆ, ಟಯರ್ ಸವೆತ ಎಲ್ಲ ಹಾಗೇ ಇರುತ್ತದೆ. ಅಷ್ಟರಲ್ಲಿ ಗೋಕರ್ಣದಿಂದ ಎರಡು ಫೋನ್ ಬಂದು ಹೋಗಿರುತ್ತವೆ. ಅದಕ್ಕೇ ನಾನು ಹೇಳುವುದು, ಹುಬ್ಬಳ್ಳಿ ರಸ್ತೆ ಹೆದ್ದಾರಿಗೆ ಕೂಡುವ ಬಾಳೆಗುಳಿ ಕ್ರಾಸ್ ನಡುವೆ ಇಟ್ಟುಕೊಂಡು ಸುತ್ತ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ನಿನ್ನದು ಅಂತ ಮಾಡಿಕೋ. ಕಾರವಾರ ಕಡೆ, ಮಾದನಗೇರಿ ಗೋಕರ್ಣ ಕಡೆ, ಹುಬ್ಬಳ್ಳಿ ರಸ್ತೆಯಲ್ಲಿ ಘಟ್ಟ ಶುರುವಾಗುವ ಮೊದಲಿನ ತನಕ. ಅದರಾಚೆ ಎತ್ತುವ ಕೆಲಸ ಬಂದರೆ ಆಗಲೇ ಗಾಡಿ ಇಟ್ಟುಕೊಂಡವರಿಗೆ ದಾಟಿಸು, ಕಮಿಷನ್ ಮೊದಲೇ ಮಾತಾಡಿಕೋ. ಒಂದು ಮಳೆಗಾಲ, ಒಂದು ಸೀಸನ್ ಹೀಗೆ ಮಾಡಿ ಎಷ್ಟು ಗಾಡಿ ದಾಟಿಸಿದೆ ಅಂತ ಪುಸ್ತಕದಲ್ಲಿ ಬರೆದಿಟ್ಟುಕೋ. ಫ್ಲ್ಯಾಟ್‌ಬೆಡ್ ಬೇಕೋ ಬೇಡವೋ ಅನ್ನುವುದನ್ನು ಆ ಪುಸ್ತಕವೇ ಹೇಳುತ್ತದೆ.

ಹೆದ್ದಾರಿ 66ರಲ್ಲಿ ಅಡ್ಡ ನಿಂತ ಗಾಡಿಯನ್ನು ಬದಿಗೆ ಎಳೆಯಲು ಹೆದ್ದಾರಿಯವರದ್ದೇ ಕ್ರೇನ್ ಇರುತ್ತದೆ, ಜನ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡುತ್ತಾರೆ. ಅವರ ಜೊತೆ ಪೈಪೋಟಿಗೆ ಇಳಿಯಬೇಡ, ಸ್ನೇಹ ಮಾಡಿಕೋ. ಅವರು ಬದಿಗೆ ನಿಲ್ಲಿಸಿ ಹೋಗುತ್ತಾರೆ. ಅಲ್ಲಿಂದ ಮುಂದೆ ಗ್ಯಾರೇಜ್ ತನಕ ಯಾರು ಅನ್ನುವಲ್ಲಿ ನಿನ್ನ ನಂಬರ್ ಇರಬೇಕು.

ಶಿರಸಿಯಿಂದ

ಮೇಲಿನ ಅಣ್ಣ ಹೇಳಿದ್ದು ಸರಿ. ನಾನು ಘಟ್ಟದ ಮೇಲಿನ ಕಥೆ ಹೇಳುತ್ತೇನೆ, ಯಾಕೆಂದರೆ ಕರಾವಳಿಯವರಿಗೆ ಕುಮಟಾ-ಶಿರಸಿ ರಸ್ತೆಯ ದೇವಿಮನೆ ಘಟ್ಟ, ಅರಬೈಲು ಅಂದರೆ ಅಲ್ಲೇ ದುಡ್ಡು ಇದೆ ಅನ್ನಿಸುತ್ತದೆ. ಗಾಡಿ ಕೆಡುವುದು ಅಲ್ಲೇ, ಸುಳ್ಳಲ್ಲ. ಏರುವಾಗ ಕ್ಲಚ್ ಪ್ಲೇಟ್ ಸುಡುತ್ತದೆ, ರೇಡಿಯೇಟರ್ ಕುದಿಯುತ್ತದೆ. ಇಳಿಯುವಾಗ ನ್ಯೂಟ್ರಲ್ ಹಾಕಿಕೊಂಡು ಬ್ರೇಕ್ ಮೇಲೇ ಕಾಲಿಟ್ಟು ಬಂದವರ ಗಾಲಿಯಿಂದ ಹೊಗೆ ಬರುತ್ತದೆ. ಆದರೆ ಅಲ್ಲಿಂದ ಫೋನ್ ಬರಬೇಕಲ್ಲ! ಎಷ್ಟೋ ತಿರುವುಗಳಲ್ಲಿ ನೆಟ್‌ವರ್ಕ್ ಇಲ್ಲ. ಬೇರೆ ಗಾಡಿಯವರು ಘಟ್ಟದ ಕೆಳಗಿನ ಕತಗಾಲಕ್ಕೋ ಮೇಲಿನ ಬಂಡಲಕ್ಕೋ ಬಂದು ಯಾರದ್ದೋ ಅಂಗಡಿಯಲ್ಲಿ "ಮೇಲೆ ಒಂದು ಬಿಳಿ ಕಾರು ನಿಂತಿದೆ" ಅಂತ ಹೇಳಿ ಹೋಗುತ್ತಾರೆ. ಹಾಗಾಗಿ ಘಟ್ಟದ ಬುಡದ ಮತ್ತು ತಲೆಯ ಚಹಾ ಅಂಗಡಿ, ಪಂಚರ್ ಅಂಗಡಿಯವರೇ ನಿಮ್ಮ ಟವರ್. ಅವರಿಗೆ ನಂಬರ್ ಕೊಟ್ಟು ಬನ್ನಿ, ಸುಮ್ನೆ ಕೊಟ್ಟರೆ ಸಾಲದು, ಕೆಲಸ ಸಿಕ್ಕಿದಾಗ ಅವರ ಕೈಗೂ ಏನಾದರೂ ಕೊಡಿ.

ಫೋನ್ ಸಿಕ್ಕಿತು ಅಂತಾದರೆ ಲೊಕೇಶನ್ ಕಳಿಸಿ ಅಂತ ಕಾಯುತ್ತಾ ಕೂರಬೇಡಿ. ಪಕ್ಕದ ಕಿಲೋಮೀಟರ್ ಕಲ್ಲಿನ ಮೇಲೆ ಏನು ಬರೆದಿದೆ ಓದಿ ಅನ್ನಿ. ಕುಮಟಾ ಎಷ್ಟು, ಶಿರಸಿ ಎಷ್ಟು, ಅಷ್ಟು ಗೊತ್ತಾದರೆ ಸಾಕು. ಆಮೇಲೆ ಮೂರು ಮಾತು ಹೇಳಿ. ಕುದಿಯುತ್ತಿರುವ ರೇಡಿಯೇಟರ್ ಮುಚ್ಚಳ ತೆಗೀಬೇಡಿ. ಬಿಸಿಯಾದ ಬ್ರೇಕ್ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ. ನೀರಿನಲ್ಲಿ ನುಗ್ಗಿಸಿ ಬಂದ್ ಆದ ಗಾಡಿಗೆ ಮತ್ತೆ ಮತ್ತೆ ಸೆಲ್ಫ್ ಹೊಡೀಬೇಡಿ. ಇಂಜಿನ್ ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಸಣ್ಣ ಖರ್ಚಿನಲ್ಲಿ ಮುಗಿಯುವುದು ಇಂಜಿನ್ ಬಿಚ್ಚುವ ತನಕ ಹೋಗುತ್ತದೆ. ನೀವು ಹೋಗಿ ಮುಟ್ಟುವ ಮೊದಲೇ ಗಿರಾಕಿಗೆ ನಿಮ್ಮ ಮೇಲೆ ನಂಬಿಕೆ ಬರುವುದು ಈ ಮಾತುಗಳಿಂದಲೇ.

ಕೆಟ್ಟ ಲಾರಿಯ ಹಿಂದೆ ನಮ್ಮ ಕಡೆ ಹಸಿ ಸೊಪ್ಪಿನ ಟೊಂಗೆ ಹಾಕುತ್ತಾರೆ ಅಲ್ವಾ, ಹಗಲಿಗೆ ಪರವಾಗಿಲ್ಲ. ಮಂಜು ಮುಸುಕಿದ ಮೇಲೆ ಅದು ಕಾಣುವುದೇ ಇಲ್ಲ. ಮಿಂಚುವ ತ್ರಿಕೋನ, ನಾಲ್ಕಾರು ಕೋನ್, ರಿಫ್ಲೆಕ್ಟರ್ ಜಾಕೆಟ್, ಬ್ಲಿಂಕರ್ ಇಷ್ಟಕ್ಕೆ ದುಡ್ಡು ಉಳಿಸಬೇಡಿ. ತಿರುವಿನಲ್ಲಿ ಗಾಡಿ ನಿಂತಿದ್ದರೆ ತ್ರಿಕೋನ ಗಾಡಿಯ ಹತ್ತಿರ ಅಲ್ಲ, ತಿರುವಿನ ಆಚೆ ಇಡಬೇಕು, ಬರುವವನಿಗೆ ತಿರುಗುವ ಮೊದಲೇ ಕಾಣಬೇಕು. ಗಾಲಿಗೆ ಕೊಟ್ಟ ಕಲ್ಲನ್ನು ಕೆಲಸ ಮುಗಿದ ಮೇಲೆ ತೆಗೆದು ಚರಂಡಿಗೆ ಎಸೆಯಿರಿ. ಲಾರಿಯವರು ಕಲ್ಲು ಅಲ್ಲೇ ಬಿಟ್ಟು ಹೋಗುತ್ತಾರೆ, ರಾತ್ರಿ ಬೈಕಿನವ ಬಂದು ಅದಕ್ಕೇ ಬೀಳುತ್ತಾನೆ. ಇದನ್ನು ಕಂಡರೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ.

ಮಳೆಗಾಲದಲ್ಲಿ ಘಟ್ಟ ಬಂದ್ ಆಗುವುದೂ ಉಂಟು. ಹೊರಡುವ ಮೊದಲು ರಸ್ತೆ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ. ಮತ್ತೆ, ಕಡಿದ ಗುಡ್ಡದ ಬುಡದಲ್ಲಿ ಗಾಡಿ ರಿಪೇರಿಗೆ ಕೂರಲೇಬೇಡಿ. 2024ರ ಜುಲೈ 16ರಂದು ನಿಮ್ಮ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಚಹಾ ಕುಡಿಯಲು ಲಾರಿ ನಿಲ್ಲಿಸುತ್ತಿದ್ದ ಜಾಗ ಅದು, ಗುಡ್ಡ ಕುಸಿದು ಬಂದು ಅಲ್ಲಿದ್ದದ್ದನ್ನು ಗಂಗಾವಳಿ ನದಿಗೆ ತಳ್ಳಿತು. ಗಾಡಿ ನೂರಿನ್ನೂರು ಮೀಟರ್ ನಿಧಾನ ಉರುಳುತ್ತದೆ ಅಂತಾದರೆ ಬಯಲಿಗೆ ತಂದು ಆಮೇಲೆ ಬಾನೆಟ್ ತೆಗೆಯಿರಿ.

ಕಾರವಾರದಿಂದ

ನಮ್ಮ ಮನೆಯವರದ್ದು ಟೋಯಿಂಗ್ ಗಾಡಿ ಇದೆ. ಓಡಿಸುವುದು ಅವರು, ಫೋನು, ಬಿಲ್ಲು, ವಸೂಲಿ ನನ್ನದು. ಮೇಲಿನ ಇಬ್ಬರೂ ಕೆಲಸದ ಬಗ್ಗೆ ಹೇಳಿದರು, ನಾನು ಕಾಗದದ ಬಗ್ಗೆ ಹೇಳುತ್ತೇನೆ.

ಸಣ್ಣ ಉದ್ಯಮದವರು ಮಾಡಿಸುವ ಸರ್ಕಾರದ ಉದ್ಯಮ್ ನೋಂದಣಿ ಆನ್‌ಲೈನಲ್ಲಿ ಪುಕ್ಕಟೆ. ಸೈಬರ್ ಅಂಗಡಿಯಲ್ಲಿ ಸಾವಿರಗಟ್ಟಲೆ ಕೇಳಿದರೆ ಎದ್ದು ಬನ್ನಿ. ಪುರಸಭೆ ಅಥವಾ ಪಂಚಾಯ್ತಿಯ ಟ್ರೇಡ್ ಲೈಸೆನ್ಸ್ ಮಾಡಿಸಿ. ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷ ದಾಟುವ ತನಕ ಜಿಎಸ್‌ಟಿ ಕಡ್ಡಾಯ ಇಲ್ಲ, ಆದರೆ ಕಂಪನಿ ಕೆಲಸ ಹಿಡಿಯಲು ಹೋದರೆ ಹೆಚ್ಚಿನವರು ಜಿಎಸ್‌ಟಿ ನಂಬರ್ ಇದೆಯಾ ಅಂತಲೇ ಕೇಳುವುದು. ಸಾಲಕ್ಕೆ ಕೇಂದ್ರ ಸರ್ಕಾರದ ಮುದ್ರಾ ಯೋಜನೆ ನೋಡಿ. ಶಿಶುವಿನಲ್ಲಿ 50 ಸಾವಿರದ ತನಕ, ಕಿಶೋರದಲ್ಲಿ 5 ಲಕ್ಷದ ತನಕ, ಅಡಮಾನ ಬೇಕಾಗಿಲ್ಲ. ಓಮ್ನಿ ಮತ್ತು ಸಾಮಾನಿಗೆ ಅಷ್ಟರ ಒಳಗೇ ಆಗುತ್ತದೆ, ಕೈಯಲ್ಲಿದ್ದ ದುಡ್ಡು ಮುಟ್ಟದೆ ಇಟ್ಟುಕೊಳ್ಳಿ.

ಫ್ಲ್ಯಾಟ್‌ಬೆಡ್ ಮುಂದೆ ತಗೊಂಡರೂ ಮೊದಲು ಆರ್‌ಸಿ ನೋಡಿ. ಲೋಡ್ ಗಾಡಿಗೆ ಯಾರೋ ಪ್ಲೇಟು ವೆಲ್ಡ್ ಮಾಡಿ, ವಿಂಚ್ (ತಂತಿ ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಕೂರಿಸಿ ಮಾರುತ್ತಾರೆ. ಆ ಬದಲಾವಣೆ ಆರ್‌ಸಿಯಲ್ಲಿ ಏರಿಲ್ಲದಿದ್ದರೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ಎರಡಕ್ಕೂ ತಕರಾರು. ಸಮುದ್ರದ ಗಾಳಿಗೆ ವಿಂಚಿನ ತಂತಿ ಹಗ್ಗ ಒಳಗಿಂದ ತುಕ್ಕು ತಿಂದಿರುತ್ತದೆ, ಹೊರಗೆ ಗ್ರೀಸ್ ಮೆತ್ತಿದ್ದರೆ ಗೊತ್ತಾಗುವುದಿಲ್ಲ. ಪೂರ್ತಿ ಬಿಚ್ಚಿಸಿ ನೋಡಿ. ಗೋವಾಕ್ಕೆ ಗಾಡಿ ಮುಟ್ಟಿಸುವ ಆಸೆ ಇದ್ದರೆ ಗಡಿಯ ಮಾಜಾಳಿ ದಾಟುವ ಮೊದಲು ಪರ್ಮಿಟ್, ಟ್ಯಾಕ್ಸ್ ಸರಿ ಇರಲಿ. ನೀವು ಅಲ್ಲಿ ಇದ್ದವರು, ಅಲ್ಲಿಯ ಗ್ಯಾರೇಜಿನವರ ಪರಿಚಯ ಇದೆ. ಅದು ಬೇರೆಯವರಿಗೆ ಇಲ್ಲದ ಅನುಕೂಲ.

ಇನ್ನು ಕಂಪನಿ ಟೈ-ಅಪ್. ಇನ್ಶೂರೆನ್ಸ್ ಜೊತೆ, ಹೊಸ ಕಾರಿನ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ಕೊಡುತ್ತಾರಲ್ಲ, ಆ ಕೆಲಸ ಕೊನೆಗೆ ನಮ್ಮಂಥವರಿಗೇ ಬರುವುದು. ಕೆಲಸ ಬರುತ್ತಲೇ ಇರುತ್ತದೆ, ದುಡ್ಡು ಮಾತ್ರ ತಿಂಗಳು ಎರಡು ತಿಂಗಳು ಬಿಟ್ಟು ಬರುತ್ತದೆ. ಒಂದು ಫೋಟೋ ಕಮ್ಮಿ ಆದರೂ ಬಿಲ್ ನಿಲ್ಲಿಸುತ್ತಾರೆ. ಡೀಸೆಲ್ ಬಂಕಿನವರು ಎರಡು ತಿಂಗಳು ಕಾಯುತ್ತಾರಾ? ಒಪ್ಪಂದಕ್ಕೆ ಸಹಿ ಹಾಕುವಾಗ ಕಿಲೋಮೀಟರ್ ಲೆಕ್ಕ ಎಲ್ಲಿಂದ ಎಲ್ಲಿಗೆ, ಖಾಲಿ ವಾಪಸ್ ಬರುವುದಕ್ಕೆ ಏನಾದರೂ ಇದೆಯಾ, ಘಟ್ಟಕ್ಕೆ, ರಾತ್ರಿಗೆ ಬೇರೆ ರೇಟ್ ಇದೆಯಾ, ಹೋದ ಮೇಲೆ ಗಿರಾಕಿ ಬೇಡ ಅಂದರೆ ಯಾರು ಕೊಡುತ್ತಾರೆ, ಇಷ್ಟು ಕೇಳಿ ಬರೆಸಿಕೊಳ್ಳಿ. ನಮ್ಮ ಮನೆಯಲ್ಲಿ ನಗದು ಕೊಡುವ ಗಿರಾಕಿಯಿಂದ ತಿಂಗಳ ಖರ್ಚು ಹೋಗಬೇಕು, ಕಂಪನಿ ದುಡ್ಡು ಬಂದಾಗ ಬರಲಿ ಅಂತ ಇಟ್ಟುಕೊಂಡಿದ್ದೇವೆ.

ಗಾಡಿ ಹತ್ತಿಸುವ ಮೊದಲು ನಾಲ್ಕೂ ಕಡೆಯಿಂದ ವೀಡಿಯೊ ತೆಗೆಯಿರಿ, ಮೀಟರ್ ಸಮೇತ. ಹಳೇ ಗೀರು ನಿಮ್ಮದೇ ಅಂತ ಹೇಳುವವರು ಬಹಳ. ಆಕ್ಸಿಡೆಂಟ್ ಆಗಿ ಯಾರಿಗಾದರೂ ಪೆಟ್ಟಾಗಿದ್ದರೆ 112ಕ್ಕೆ ಹೇಳಿ, ಜನರನ್ನು ಆಸ್ಪತ್ರೆಗೆ ಕಳಿಸಿ, ಗಾಡಿಯನ್ನು ಮಾತ್ರ ಪೊಲೀಸರು ಹೇಳುವ ತನಕ ಅಲ್ಲಾಡಿಸಬೇಡಿ, ಮಾಲೀಕ ಎಷ್ಟೇ ಅವಸರ ಮಾಡಲಿ.

ಗೋಕರ್ಣದಿಂದ

ಬೀಚಿನ ಮರಳಲ್ಲಿ ಹುಗಿದ ಕಾರಿನ ಬಗ್ಗೆ ಯಾರೂ ಹೇಳಲಿಲ್ಲ. ಸೀಸನ್‌ನಲ್ಲಿ ಇದೂ ಒಂದು ಕೆಲಸವೇ ಮಾರಾಯ್ರೆ. ಆಕ್ಸಿಲೇಟರ್ ಒತ್ತಿದಷ್ಟೂ ಚ್ಯಾಸಿ ಕೂರುತ್ತದೆ. ನಾಲ್ಕೂ ಟಯರಿನ ಹವಾ 15-18 ಪಿಎಸ್‌ಐಗೆ ಇಳಿಸಿ, ಗಾಲಿ ಮುಂದಿನ ಮರಳು ಕೈಯಲ್ಲಿ ಬಗೆದು, ಹಲಗೆ ಕೊಟ್ಟು, ಸ್ಟೀರಿಂಗ್ ನೆಟ್ಟಗೆ ಇಟ್ಟು ನಿಧಾನಕ್ಕೆ ಎಳೆದರೆ ಹೆಚ್ಚಿನವು ಬರುತ್ತವೆ. ಮೇಲೆ ಬಂದ ಮೇಲೆ ಹವಾ ತುಂಬಿಸಿ ಕಳಿಸಿ. ಮೊದಲು ಉಬ್ಬರವೋ ಇಳಿತವೋ ನೋಡಿ, ಉಬ್ಬರ ಏರುತ್ತಿದ್ದರೆ ರೇಟು ಮಾತಾಡುತ್ತಾ ನಿಲ್ಲಬೇಡಿ, ಎಳೆದು ಆಮೇಲೆ ಮಾತಾಡಿ. ಎಳೆಯುವಾಗ ಹಗ್ಗದ ಹತ್ತಿರ ಒಬ್ಬರೂ ನಿಲ್ಲಬಾರದು. ವೀಡಿಯೊ ಮಾಡುವ ಪ್ರವಾಸಿಗಳನ್ನು ದೂರ ಓಡಿಸುವುದೇ ಅರ್ಧ ಕೆಲಸ.

ಪ್ರಶ್ನೆ ಕೇಳಿದವನು

ಎಲ್ಲರಿಗೂ ಧನ್ಯವಾದ. ಫ್ಲ್ಯಾಟ್‌ಬೆಡ್ ಮುಂದಕ್ಕೆ ಹಾಕಿದೆ, ಅಪ್ಪನಿಗೆ ಖುಷಿಯಾಯಿತು. ಇನ್ನೆರಡು ಕೇಳುತ್ತೇನೆ. ಆಟೋಮ್ಯಾಟಿಕ್, ಇಲೆಕ್ಟ್ರಿಕ್ ಕಾರು ಬಂದರೆ ಏನು ಮಾಡುತ್ತೀರಿ? ರಾತ್ರಿ ಒಬ್ಬನೇ ಹೋಗಬಹುದಾ?

ಕುಮಟಾದಿಂದ

ಇಲೆಕ್ಟ್ರಿಕ್ ಕಾರು ಅಂದರೆ ಫ್ಲ್ಯಾಟ್‌ಬೆಡ್ ಇದ್ದವರಿಗೇ ದಾಟಿಸು. ಚಾಲನೆಯ ಗಾಲಿ ನೆಲಕ್ಕೆ ತಾಗಿಸಿ ಎಳೆದರೆ ಮೋಟರ್ ಹೋಗುತ್ತದೆ. ಕಿತ್ತಳೆ ಬಣ್ಣದ ವೈರಿಗೆ ಕೈ ಹಾಕಬೇಡ. ಆಟೋಮ್ಯಾಟಿಕ್ ಕೂಡ ಹಾಗೇ, ಹಗ್ಗ ಕಟ್ಟಿ ಎಳೆದು ಗೇರ್‌ಬಾಕ್ಸ್ ಹಾಳು ಮಾಡಿಕೊಂಡವರು ಇದ್ದಾರೆ. ಫೋನಲ್ಲೇ ಕೇಳು, ಕ್ಲಚ್ ಪೆಡಲ್ ಇದೆಯಾ ಇಲ್ಲವಾ ಅಂತ.

ರಾತ್ರಿ ಒಬ್ಬನೇ ಬೇಡ. ಇಬ್ಬರು ಹೋಗಿ, ಒಬ್ಬ ಟಾರ್ಚ್ ಹಿಡಿದು ರಸ್ತೆ ನೋಡಲಿ. ಶುರುವಿಗೆ ಹತ್ತು ಗಂಟೆಯ ತನಕ ಅಂತ ಇಟ್ಟುಕೋ, ಆದರೆ ಆಮೇಲೆ ಬಂದ ಫೋನನ್ನೂ ಎತ್ತು. ನೀನು ಹೋಗದಿದ್ದರೂ ಯಾರು ಬರುತ್ತಾರೆ ಅಂತ ಹೇಳಿದರೆ ಅವರು ನಿನ್ನ ನಂಬರ್ ಅಳಿಸುವುದಿಲ್ಲ.

ಕಾರವಾರದಿಂದ

ಹೆಂಗಸರು ಮಕ್ಕಳು ಮಾತ್ರ ಇರುವ ಗಾಡಿಯಿಂದ ರಾತ್ರಿ ಫೋನ್ ಬಂದರೆ ಹೊರಡುವ ಮೊದಲು ನಿಮ್ಮ ಫೋಟೋ, ಗಾಡಿ ನಂಬರ್ ಕಳಿಸಿ. ಮುಟ್ಟುವ ತನಕ ನಾನು ಅವರ ಜೊತೆ ಫೋನಲ್ಲಿ ಇರುತ್ತೇನೆ, ನಿಮ್ಮ ಮನೆಯಲ್ಲೂ ಅಕ್ಕನೋ ಅಮ್ಮನೋ ಒಂದು ಮಾತು ಆಡಿದರೆ ಆ ಕಡೆ ಧೈರ್ಯ ಬರುತ್ತದೆ. ಮತ್ತೆ ಓಮ್ನಿ ಮೇಲೆ ಹೆಸರು ಕನ್ನಡದಲ್ಲಿ ಚಂದ ಮಾಡಿ ಬರೆಸಿ, ಫೋನ್ ನಂಬರ್ ಮಾತ್ರ ಇಂಗ್ಲಿಷ್ ಅಂಕಿಯಲ್ಲಿ ದೊಡ್ಡದಾಗಿ ಇರಲಿ, ಕೇರಳದ ಲಾರಿಯವನಿಗೂ ದೂರದಿಂದಲೇ ಓದಲು ಬರಬೇಕು.