ಅಪ್ಪನ ಹಳೇ ಲೂನಾ ಮತ್ತೆ ಓಡಿಸಬೇಕು, ಎಲ್ಲಿಂದ ಶುರು ಮಾಡಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಊರ ಮನೆಯ ಕೊಟ್ಟಿಗೆಯಲ್ಲಿ ಅಪ್ಪನ ಲೂನಾ ಮೊಪೆಡ್ ಇದೆ. 80ರ ದಶಕದ್ದು, ಪೆಡಲ್ ಇರುವ ಹಳೇ ಮಾದರಿ. ನಂಬರ್ ಕೂಡ ಕೆಎ ಬರುವ ಮುಂಚಿನದು, ಸಿಎ ಅಂತ ಶುರುವಾಗುತ್ತದೆ. ಅಪ್ಪ ಮೇಷ್ಟ್ರಾಗಿದ್ದರು, ಇದರಲ್ಲೇ ಪಕ್ಕದ ಊರಿನ ಶಾಲೆಗೆ ಹೋಗಿಬರುತ್ತಿದ್ದರು. ಆಮೇಲೆ ಬಸ್ಸು ಬಂತು, ಗಾಡಿ ಮೂಲೆ ಸೇರಿತು. ಆದರೆ ಮಾರಲಿಕ್ಕೆ ಮಾತ್ರ ಅವರು ಯಾವತ್ತೂ ಒಪ್ಪಲಿಲ್ಲ.

ಈಗಿನ ಸ್ಥಿತಿ ಹೀಗಿದೆ. ಪೆಡಲ್ ತಿರುಗುತ್ತದೆ, ಚಕ್ರ ತಿರುಗುತ್ತದೆ, ಆದರೆ ಕವರ್ ಬಿಚ್ಚಿ ಮ್ಯಾಗ್ನೆಟ್ (ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಚಕ್ರ) ಕೈಯಲ್ಲಿ ತಿರುಗಿಸಿದರೆ ಎಂಜಿನ್ ಒಂದಿಷ್ಟೂ ಅಲುಗಾಡುವುದಿಲ್ಲ. ಟ್ಯಾಂಕ್ ಒಳಗೆ ತುಕ್ಕು, ತಳದಲ್ಲಿ ಅಂಟಂಟಾದ ಕಂದು ಪದರ. ಬೆಲ್ಟ್ ಬಿರುಕು ಬಿಟ್ಟಿದೆ. ಪೇಟೆಯ ಒಬ್ಬ ಮೆಕ್ಯಾನಿಕ್ "ಬೋರ್ ಮಾಡಿಸಿ, ಫುಲ್ ಪೇಂಟ್ ಹೊಡೆಸಿ, ಹೊಸದರ ಹಾಗೆ ಮಾಡಿಕೊಡ್ತೀನಿ" ಅಂದರು. ಬೋರ್ ಮಾಡಿಸುವುದು ಅಂದರೆ ಸಿಲಿಂಡರ್ ಒಳಗೋಡೆ ಕೊರೆಸಿ ಅಗಲ ಮಾಡಿಸುವುದು. ಇನ್ನೊಬ್ಬರು ಗುಜರಿಗೆ ಹಾಕಿ ಅಂದರು. ನನಗೆ ಷೋಕೇಸ್‌ನಲ್ಲಿ ಇಡುವ ಗಾಡಿ ಬೇಡ. ಭಾನುವಾರ ಬೆಳಿಗ್ಗೆ ಸಂತೆಗೆ ಹೋಗಿ ಬರುವಷ್ಟು ಓಡಿದರೆ ಸಾಕು. ಮೊದಲು ಏನು ಮಾಡಬೇಕು? ಈಗಿನ ಪೆಟ್ರೋಲ್ ಇದಕ್ಕೆ ಆಗುತ್ತದಾ? ಆರ್‌ಸಿ ಪುಸ್ತಕ ಇದೆ, ಆದರೆ ಅವಧಿ ಮುಗಿದು ಎಷ್ಟೋ ಕಾಲವಾಗಿದೆ.

ಹಳೇಗಾಡಿ ಹುಬ್ಬಳ್ಳಿ

ದಯವಿಟ್ಟು ಗುಜರಿಗೆ ಹಾಕಬೇಡಿ. ಪೇಂಟ್ ಮಾತು ಕೂಡ ಈಗ ಬೇಡ. ಮೊದಲು ಎಂಜಿನ್, ಆಮೇಲೆ ಬ್ರೇಕ್, ಕೊನೆಗೆ ಬೇಕೆನಿಸಿದರೆ ಬಣ್ಣ. ದುಡ್ಡೆಲ್ಲ ಬಣ್ಣಕ್ಕೆ ಸುರಿದು, ಎಂಜಿನ್ ಹೊತ್ತಿಗೆ ಕೈ ಖಾಲಿಯಾಗಿ ನಿಂತ ಗಾಡಿಗಳನ್ನು ಎಷ್ಟೋ ನೋಡಿದ್ದೇನೆ.

ನಿಮ್ಮ ಎಂಜಿನ್ ಜಾಮ್ ಆಗಿರುವುದು ಬಹುಶಃ ಪಿಸ್ಟನ್ ರಿಂಗ್ ಬೋರಿಗೆ, ಅಂದರೆ ಸಿಲಿಂಡರ್ ಒಳಗೋಡೆಗೆ, ಹಿಡಿದುಕೊಂಡಿರುವುದರಿಂದ. ಪ್ಲಗ್ ಬಿಚ್ಚಿ, ಅರ್ಧ ಡೀಸೆಲ್ ಅರ್ಧ ಎಂಜಿನ್ ಆಯಿಲ್ ಬೆರೆಸಿ ಆ ತೂತಿನಲ್ಲಿ ಸುರಿಯಿರಿ. ಲೂನಾ ಸಿಲಿಂಡರ್ ಮುಂದಕ್ಕೆ ಮುಖ ಮಾಡಿ ಮಲಗಿರುತ್ತದೆ, ಅದಕ್ಕೇ ಮುಂದಿನ ಚಕ್ರವನ್ನು ಕಲ್ಲಿನ ಮೇಲೋ ಮಣೆ ಮೇಲೋ ಎತ್ತರಕ್ಕೆ ಇಡಿ. ಇಲ್ಲದಿದ್ದರೆ ಎಣ್ಣೆ ಹೆಡ್‌ನಲ್ಲೇ ನಿಲ್ಲುತ್ತದೆ, ಪಿಸ್ಟನ್ ತನಕ ಹೋಗುವುದೇ ಇಲ್ಲ. ಕೆಲವು ದಿನ ಹಾಗೇ ಬಿಡಿ, ನಡುವೆ ಮತ್ತೆ ಸ್ವಲ್ಪ ಸುರಿಯಿರಿ. ಆಮೇಲೆ ಮ್ಯಾಗ್ನೆಟ್ ಅನ್ನು ಎರಡೂ ಕೈಯಲ್ಲಿ ಹಿಡಿದು ಆಚೆ ಈಚೆ ಮೆಲ್ಲಗೆ ಅಲ್ಲಾಡಿಸಿ. ಸುತ್ತಿಗೆ ಬೇಡ. ನಟ್ಟಿಗೆ ಸ್ಪ್ಯಾನರ್ ಹಾಕಿ ಅದಕ್ಕೆ ಉದ್ದ ಪೈಪ್ ತೊಡಿಸಿ ಎಳೆಯುವುದಂತೂ ಬೇಡವೇ ಬೇಡ, ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ತಿರುಚಿಕೊಂಡರೆ ಆ ಪಾರ್ಟ್ ಮತ್ತೆ ಸಿಗುವುದು ಬಹಳ ಕಷ್ಟ.

ಬಿಟ್ಟುಕೊಂಡ ಮೇಲೆ ಹಾಗೇ ಸ್ಟಾರ್ಟ್ ಮಾಡಬೇಡಿ. ಹೆಡ್, ಸಿಲಿಂಡರ್ ಎರಡೂ ಬಿಚ್ಚಿ. ಬೋರ್ ಮೇಲೆ ಉಗುರು ಆಡಿಸಿ ನೋಡಿ, ಗೀರು ಉಗುರಿಗೆ ಸಿಕ್ಕಿಕೊಳ್ಳದಿದ್ದರೆ ಬರೀ ರಿಂಗ್ ಬದಲಾಯಿಸಿದರೂ ನಡೆಯುತ್ತದೆ. ಎಲ್ಲದಕ್ಕೂ ಬೋರ್ ಮಾಡಿಸಬೇಕೆಂದಿಲ್ಲ. ಒಂದು ಸಲ ಬೋರ್ ಮಾಡಿಸಿದರೆ ಆ ಅಳತೆಯ ಪಿಸ್ಟನ್ ಹುಡುಕಬೇಕು, ಅದೇ ದೊಡ್ಡ ತಲೆನೋವು. ಪಿಸ್ಟನ್ ಸುತ್ತ ರಿಂಗ್ ಕೂರುವ ಕೊರಕಲಿನಲ್ಲಿ ಕಾರ್ಬನ್ ಗಟ್ಟಿಯಾಗಿರುತ್ತದೆ. ಮುರಿದ ಹಳೇ ರಿಂಗ್ ತುಂಡನ್ನೇ ಅದರೊಳಗೆ ಎಳೆದು ಕೆರೆಯಿರಿ, ಅಳತೆ ಸರಿಯಾಗಿ ಕೂರುತ್ತದೆ. ಹೊಗೆ ಹೊರಗೆ ಹೋಗುವ ತೂತಿನ ಕಾರ್ಬನ್ ತೆಗೆಯಲು ಬಿದಿರಿನ ಚೂರು ಸಾಕು, ಸ್ಕ್ರೂಡ್ರೈವರ್ ತಾಗಿದರೆ ಗೀರು ಬೀಳುತ್ತದೆ. ಸೈಲೆನ್ಸರ್ ಕೂಡ ಬಿಚ್ಚಿ ನೋಡಿ. ಎಷ್ಟೋ ಗಾಡಿಗಳಿಗೆ ಇರುವುದು ಸೈಲೆನ್ಸರ್ ಕಟ್ಟಿಕೊಂಡಿರುವ ಕಾಯಿಲೆ ಮಾತ್ರ, ಜನ ಎಂಜಿನ್ ಹೋಗಿದೆ ಅಂದುಕೊಳ್ಳುತ್ತಾರೆ.

ಇದರಲ್ಲಿ ಬಹಳ ಜನ ಬಿಟ್ಟುಬಿಡುವುದು ಕ್ರ್ಯಾಂಕ್‌ನ ಎರಡು ಆಯಿಲ್ ಸೀಲ್. ನೋಡಲು ಚೆನ್ನಾಗಿ ಕಂಡರೂ ಅಷ್ಟು ವರ್ಷ ಸುಮ್ನೆ ನಿಂತ ರಬ್ಬರ್ ಗಟ್ಟಿಯಾಗಿರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮಿಶ್ರಣ ಕ್ರ್ಯಾಂಕ್ ಕೇಸ್ ಮೂಲಕವೇ ಮೇಲೆ ಹೋಗಬೇಕು, ಅಲ್ಲಿ ಸೀಲ್ ಗಾಳಿ ಎಳೆದರೆ ಗಾಳಿ ಜಾಸ್ತಿಯಾಗಿ, ಎಣ್ಣೆ ಕಡಿಮೆಯಾಗಿ, ಎಂಜಿನ್ ವಿಪರೀತ ಕಾದು ಪಿಸ್ಟನ್ ಮತ್ತೆ ಹಿಡಿದುಕೊಳ್ಳುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸದ್ದು ಇಳಿಯದಿದ್ದರೆ ಮೊದಲ ಅನುಮಾನ ಸೀಲ್ ಮೇಲೆ ಇರಲಿ. ಎಂಜಿನ್ ಬಿಚ್ಚಿದಾಗಲೇ ಎರಡನ್ನೂ ಬದಲಾಯಿಸಿ. ಹಳೇ ಸೀಲ್ ಮೇಲೆ ಅಳತೆ ಅಚ್ಚಾಗಿರುತ್ತದೆ, ಬೇರಿಂಗ್ ಅಂಗಡಿಯಲ್ಲಿ ತೋರಿಸಿದರೆ ಸಿಗುತ್ತದೆ.

ಕರೆಂಟ್ ವಿಷಯ ಸುಲಭ. ಮ್ಯಾಗ್ನೆಟ್ ಒಳಗಿನ ಪಾಯಿಂಟ್ (ಪ್ಲಗ್‌ನ ಕಿಡಿಗಾಗಿ ಕರೆಂಟ್ ಕಡಿಯುವ ಭಾಗ) ಮುಖಗಳನ್ನು ನುಣುಪಾದ ಎಮರಿ ಕಾಗದದಲ್ಲಿ ಉಜ್ಜಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಗ್ಯಾಪ್ 0.4 ಮಿ.ಮೀ. ಹತ್ತಿರ ಇಡಿ. ಕಂಡೆನ್ಸರ್ ಹೊಸದು ಹಾಕಿ.

ಟೂಸ್ಟ್ರೋಕ್ ತುಮಕೂರು

ಮೇಲಿನವರು ಹೇಳಿದ್ದು ಸರಿ. ನಾನು ಟ್ಯಾಂಕ್ ಮತ್ತು ಪೆಟ್ರೋಲ್ ಬಗ್ಗೆ ಹೇಳುತ್ತೇನೆ.

ಟ್ಯಾಂಕಿಗೆ ಸಿಟ್ರಿಕ್ ಆಸಿಡ್, ಅಂದರೆ ಅಡುಗೆಗೆ ಹಾಕುವ ನಿಂಬೆ ಉಪ್ಪು, ಬಿಸಿನೀರಿನಲ್ಲಿ ಕರಗಿಸಿ ತುಂಬಿಸಿ ಒಂದು ರಾತ್ರಿ ಬಿಡಿ. ಅದಕ್ಕೂ ಮುಂಚೆ ಆ ಅಂಟು ಪದರವನ್ನು ಥಿನ್ನರ್ ಹಾಕಿ ತೊಳೆಯಿರಿ, ಇಲ್ಲದಿದ್ದರೆ ಆಸಿಡ್ ತುಕ್ಕಿನ ತನಕ ಹೋಗುವುದಿಲ್ಲ. ಆಮೇಲೆ ಸೋಡಾ ಪುಡಿ ಬೆರೆಸಿದ ನೀರಲ್ಲಿ ತೊಳೆದು ತಕ್ಷಣ ಒಣಗಿಸಿ ಎಣ್ಣೆ ಆಡಿಸಿಬಿಡಿ. ಒದ್ದೆ ಬಿಟ್ಟರೆ ನಿಮ್ಮ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ.

ಈಗ ಪಂಪ್‌ನಲ್ಲಿ ಬರುವುದು ಇ20, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಜಾಸ್ತಿ ನೀರು ಸೇರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ನಾವು ಪೆಟ್ರೋಲಿಗೆ ಬೆರೆಸುವ 2ಟಿ (ಟೂ ಸ್ಟ್ರೋಕ್) ಎಣ್ಣೆ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ನಳ ಇರುವುದು ತಳದಲ್ಲಿ. ಅಂದರೆ ಎಂಜಿನ್‌ಗೆ ಮೊದಲು ಹೋಗುವುದು ಎಣ್ಣೆಯೇ ಇಲ್ಲದ ಭಾಗ! ಫೋರ್ ಸ್ಟ್ರೋಕ್ ಗಾಡಿ ಬರೀ ಕೆಮ್ಮಿ ನಿಲ್ಲಬಹುದು, ನಮ್ಮ ಗಾಡಿಗೆ ಅದು ಪಿಸ್ಟನ್ ಪ್ರಶ್ನೆ. ಹಾಗಂತ ಓಡಿಸಲೇಬಾರದು ಅಂತಲ್ಲ. ಆ ವಾರಕ್ಕೆ ಬೇಕಾದಷ್ಟೇ ಹಾಕಿಸಿ, ಮನೆಗೆ ಬಂದ ಮೇಲೆ ನಳ ಮುಚ್ಚಿ ಕಾರ್ಬ್ (ಕಾರ್ಬ್ಯುರೇಟರ್) ಖಾಲಿಯಾಗುವ ತನಕ ಎಂಜಿನ್ ಓಡಲು ಬಿಡಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಪೆಟ್ರೋಲ್ ಪೈಪ್, ನಳದ ವಾಷರ್ ಎಥನಾಲ್ ತಡೆಯುವ ರಬ್ಬರಿನವು ಇರಲಿ, ಹಳೆಯವು ಮೆತ್ತಗಾಗಿ ಚೂರುಚೂರಾಗಿ ಕಾರ್ಬ್‌ನ ಜೆಟ್ಟಿನಲ್ಲಿ, ಅಂದರೆ ಪೆಟ್ರೋಲ್ ಬರುವ ಸಣ್ಣ ತೂತಿನಲ್ಲಿ, ಕೂರುತ್ತವೆ. ಜೆಟ್ ಕ್ಲೀನ್ ಮಾಡಲು ಸೂಜಿ ಬೇಡ, ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ತಗೊಳ್ಳಿ.

ಎಣ್ಣೆ: ರಿಂಗ್ ಹೊಸದು ಹಾಕಿದ ಮೇಲೆ ಶುರುವಿನಲ್ಲಿ ಲೀಟರಿಗೆ 40 ಮಿ.ಲೀ. ಹಾಕಿ. ಬೇರೆ ಡಬ್ಬಿಯಲ್ಲಿ ಚೆನ್ನಾಗಿ ಅಲುಗಾಡಿಸಿ ಬೆರೆಸಿಯೇ ಟ್ಯಾಂಕಿಗೆ ಸುರಿಯಿರಿ. ಡಬ್ಬಿ ಮೇಲೆ ಜಾಸೊ ಎಫ್‌ಸಿ ಅಂತ ಇರುವ ಎಣ್ಣೆ ತಗೊಂಡರೆ ಹೊಗೆ, ಕಾರ್ಬನ್ ಎರಡೂ ಕಡಿಮೆ.

ಕ್ರೋಮ್ ಮೈಸೂರು

ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಬಣ್ಣ ಕೊನೆಗೆ ಅಂದರೆ ಎಲ್ಲವನ್ನೂ ಜೋಡಿಸಿ, ಮತ್ತೆ ಬಿಚ್ಚಿ, ಮತ್ತೆ ಜೋಡಿಸಬೇಕು. ಎರಡು ಕೆಲಸ. ಎಂಜಿನ್ ಇಳಿಸಿದಾಗಲೇ ಫ್ರೇಮ್ ಬ್ಲಾಸ್ಟಿಂಗ್ ಮಾಡಿಸಿ (ಮರಳು ಚಿಮ್ಮಿಸಿ ಹಳೇ ಬಣ್ಣ, ತುಕ್ಕು ತೆಗೆಸಿ) ಪೌಡರ್ ಕೋಟಿಂಗ್ ಕೊಡಿ, ಇನ್ನೊಂದು ಮೂವತ್ತು ವರ್ಷ ತುಕ್ಕಿನ ಯೋಚನೆ ಇರುವುದಿಲ್ಲ.

ಹಳೇಗಾಡಿ ಹುಬ್ಬಳ್ಳಿ

ಫ್ರೇಮ್ ತಿಂದುಹೋಗಿದ್ದರೆ ನಿಮ್ಮ ಮಾತು ಸರಿ. ಆದರೆ ಕೊಟ್ಟಿಗೆಯಲ್ಲಿ ಮಳೆ ತಾಗದೆ ನಿಂತ ಗಾಡಿ ಇದು. ಧೂಳು ತೊಳೆದು ರಬ್ಬಿಂಗ್ ಕಾಂಪೌಂಡ್ ಹಚ್ಚಿ ಒಂದು ಮೂಲೆ ಉಜ್ಜಿ ನೋಡಲಿ, ಕಂಪನಿ ಬಣ್ಣ ಒಳಗೆ ಇನ್ನೂ ಇರುತ್ತದೆ. ಮೇಷ್ಟ್ರ ಕಾಲು ತಾಗಿ ಸವೆದ ಜಾಗ, ಬ್ಯಾಗ್ ಉಜ್ಜಿದ ಗುರುತು, ಹಳೇ ಸ್ಟಿಕ್ಕರ್ ಇವನ್ನೆಲ್ಲ ಒಂದು ಸಲ ಬ್ಲಾಸ್ಟಿಂಗ್ ಮಾಡಿಸಿದರೆ ವಾಪಸ್ ತರಲಿಕ್ಕಾಗುವುದಿಲ್ಲ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಯಬಹುದು, ಹಳೇ ಬಣ್ಣ ಒಂದೇ ಸಲ ಬರುವುದು. ನನಗೆ ಇದು ತುಂಬಾ ಮುಖ್ಯ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಆರ್‌ಸಿ ಕಡತ

ಕಾಗದದ ಬಗ್ಗೆ. ಬಣ್ಣ ಬದಲಾಯಿಸಿದರೆ ಆರ್‌ಸಿಯಲ್ಲೂ ಬದಲಾಯಿಸಬೇಕು, ಅದೂ ಒಂದು ಕಾರಣ ಹಳೇ ಬಣ್ಣ ಉಳಿಸಿಕೊಳ್ಳಲು.

ಪೆಡಲ್ ಇದೆ, ಸೈಕಲ್ ಲೆಕ್ಕ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೋಟಾರು ವಾಹನ ಕಾಯ್ದೆಯಲ್ಲಿ ವಿನಾಯಿತಿ ಇರುವುದು 25 ಸಿಸಿ ಮೀರದ ಎಂಜಿನ್‌ಗೆ. ಲೂನಾ ಸುಮಾರು 50 ಸಿಸಿ. ಆದ್ದರಿಂದ ನೋಂದಣಿ, ವಿಮೆ, ಲೈಸೆನ್ಸ್, ಹೆಲ್ಮೆಟ್ ಎಲ್ಲ ಬೇಕು.

ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಫಾರಂ 25. ಜೊತೆಗೆ ಹಸಿರು ತೆರಿಗೆ, ತಡ ಮಾಡಿದ್ದಕ್ಕೆ ದಂಡ ಇರುತ್ತದೆ. ಅಷ್ಟು ಹಳೇ ನಂಬರ್ ಕಂಪ್ಯೂಟರಿನಲ್ಲಿ ಇಲ್ಲದಿರಬಹುದು. ಹಾಗಾದರೆ ಮೂಲ ಆರ್‌ಸಿ ಪುಸ್ತಕ ಹಿಡಿದುಕೊಂಡು ಗಾಡಿ ನೋಂದಣಿಯಾದ ಆರ್‌ಟಿಒಗೇ ಹೋಗಿ ದಾಖಲೆ ಸೇರಿಸಲು ಅರ್ಜಿ ಕೊಡಿ. ಹೋಗುವ ಮುಂಚೆ ಚಾಸಿಸ್ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪುಸ್ತಕದ ಜೊತೆ ತಾಳೆ ನೋಡಿ. ಬ್ಲಾಸ್ಟಿಂಗ್ ಮಾಡಿಸಿ ಆ ನಂಬರ್ ಅಳಿಸಿದರೆ ಕೆಲಸ ಕೆಟ್ಟಿತು.

ವಿಂಟೇಜ್ ನೋಂದಣಿ ಅಂತ 2021ರಲ್ಲಿ ನಿಯಮ ಬಂದಿದೆ, ವಿಎ ಸರಣಿಯ ನಂಬರ್ ಕೊಡುತ್ತಾರೆ. ನಿಮಗೆ ಅದು ಆಗಿಬರುವುದಿಲ್ಲ. ಗಾಡಿಗೆ 50 ವರ್ಷ ದಾಟಿರಬೇಕು, ಲೂನಾ ಮಾರುಕಟ್ಟೆಗೆ ಬಂದಿದ್ದೇ 1972ರಲ್ಲಿ, ನಿಮ್ಮದು 80ರ ದಶಕದ್ದು. ಮೊದಲ ನೋಂದಣಿಗೆ ಶುಲ್ಕವೇ 20,000 ರೂಪಾಯಿ, ಮೇಲಾಗಿ ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಅಂತ ಮಾತ್ರ. ಸಂತೆಗೆ ಹೋಗಬೇಕು ಅನ್ನುವವರು ಮಾಮೂಲಿ ಆರ್‌ಸಿಯನ್ನೇ ಜೀವಂತ ಮಾಡಿಕೊಳ್ಳಿ.

ಟ್ಯುರಿನ್ ಕನ್ನಡಿಗ

ಇಟಲಿಯಿಂದ ಬರೆಯುತ್ತಿದ್ದೇನೆ. ಕೈನೆಟಿಕ್‌ನವರು ಲೂನಾ ಮಾಡಿದ್ದು ಪಿಯಾಜಿಯೊ ಕಂಪನಿಯ ಚಾವ್ ಮೊಪೆಡ್ ಆಧಾರದ ಮೇಲೆ. ಚಾವ್ 1967ರಿಂದ 2006ರ ತನಕ ಬಂತು, ಇಲ್ಲಿ ಇವತ್ತಿಗೂ ಓಡುತ್ತಿವೆ, ಬಿಡಿಭಾಗ ಹೊಸದಾಗಿಯೇ ತಯಾರಾಗುತ್ತವೆ. ಆದರೆ ಎರಡೂ ಒಂದೇ ಅಂತ ಕಣ್ಣುಮುಚ್ಚಿ ಆರ್ಡರ್ ಮಾಡಬೇಡಿ, ಲೂನಾದಲ್ಲಿ ವರ್ಷದಿಂದ ವರ್ಷಕ್ಕೆ ಬದಲಾವಣೆ ಆಗಿದೆ. ಹಳೇ ಪಾರ್ಟ್ ಅನ್ನು ವರ್ನಿಯರ್‌ನಲ್ಲಿ ಅಳೆದು, ಅಳತೆ ಕೂಡಿದರೆ ಮಾತ್ರ ತರಿಸಿ. ಮೊದಲು ಬೆಂಗಳೂರಿನ ಜೆ.ಸಿ. ರಸ್ತೆಯ ಹಳೇ ಅಂಗಡಿಗಳಲ್ಲಿ ವಿಚಾರಿಸಿ, ಅಟ್ಟದ ಮೇಲೆ ಏನೇನೋ ಇರುತ್ತದೆ.

ತುಂಗಾತೀರ

ಎಲ್ಲರಿಗೂ ತುಂಬಾ ಧನ್ಯವಾದ. ಡೀಸೆಲ್ ಹಾಕಿಟ್ಟಿದ್ದೆ, ಇವತ್ತು ಮ್ಯಾಗ್ನೆಟ್ ಬೆರಳಷ್ಟು ಅಲುಗಾಡಿ ಆಮೇಲೆ ಪೂರ್ತಿ ತಿರುಗಿತು! ಅಪ್ಪ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದರು, ಸ್ಪ್ಯಾನರ್ ಕೊಡುತ್ತಾ ಇದ್ದರು. ಬಣ್ಣ ಮುಟ್ಟುವುದಿಲ್ಲ, ಅದು ತೀರ್ಮಾನ ಆಯಿತು. ಇನ್ನೆರಡು ಪ್ರಶ್ನೆ. ಬೆಲ್ಟ್ ಅಳತೆ ಅಳಿಸಿಹೋಗಿದೆ, ಹೇಗೆ ಹುಡುಕಲಿ? ಓಡಿಸುವಾಗ ಏನು ಜಾಗ್ರತೆ?

ಟೂಸ್ಟ್ರೋಕ್ ತುಮಕೂರು

ಭಲೇ! ಹಳೇ ಬೆಲ್ಟ್ ಹಿಗ್ಗಿರುತ್ತದೆ, ಅದರ ಉದ್ದವನ್ನೇ ನಂಬಬೇಡಿ. ಎರಡೂ ಪುಲ್ಲಿ ಸುತ್ತ ದಾರ ಬಿಗಿಯಾಗಿ ಸುತ್ತಿ ಅಳೆಯಿರಿ, ಬೆಲ್ಟ್‌ನ ಅಗಲವನ್ನು ಪುಲ್ಲಿ ಬಾಯಿಯಲ್ಲಿ ಅಳೆಯಿರಿ. ಅಂಗಡಿಯವರು ಹತ್ತಿರದ ಎರಡು ಮೂರು ಅಳತೆ ಕೊಡುತ್ತಾರೆ, ಹಾಕಿ ನೋಡಿ ಉಳಿದದ್ದು ವಾಪಸ್ ಕೊಡಿ. ಪುಲ್ಲಿಯ ಒಳಗಿನ ತುಕ್ಕು ಮೊದಲು ನುಣುಪು ಮಾಡಿ, ಇಲ್ಲದಿದ್ದರೆ ಹೊಸ ಬೆಲ್ಟ್ ಬೇಗ ತಿಂದುಹಾಕುತ್ತದೆ.

ಓಡಿಸುವಾಗ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಜೋರಾಗಿ ಇಳಿಯಬೇಡಿ. ಎಣ್ಣೆ ಬರುವುದೇ ಪೆಟ್ರೋಲ್ ಜೊತೆ, ಅದು ನಿಂತರೆ ಎಣ್ಣೆಯೂ ನಿಂತಿತು. ಆಗಾಗ ಸ್ವಲ್ಪ ಕೊಡುತ್ತಾ ಇಳಿಯಿರಿ. ಏರಿನಲ್ಲಿ ಉಸಿರು ಕಟ್ಟುವ ಮುಂಚೆಯೇ ಪೆಡಲ್ ತುಳಿದು ಸಹಾಯ ಮಾಡಿ, ಪೂರ್ತಿ ನಿಧಾನವಾದ ಮೇಲೆ ತುಳಿದರೆ ಪ್ರಯೋಜನ ಇಲ್ಲ, ಕ್ಲಚ್ ಮಾತ್ರ ಸವೆಯುತ್ತದೆ. ಬ್ರೇಕ್ ಶೂ ಹಳೆಯದಾಗಿ ಹೊಳಪು ಬಂದಿರುತ್ತದೆ, ಎಮರಿಯಲ್ಲಿ ಉಜ್ಜಿ, ಕೇಬಲ್ ಎರಡೂ ಹೊಸದು ಹಾಕಿ. ಟೈರ್ ನೋಡಲು ಚೆನ್ನಾಗಿದ್ದರೂ ಬದಲಾಯಿಸಿ. ಲೈಟ್ ಮ್ಯಾಗ್ನೆಟ್‌ನಿಂದ ನೇರ ಬರುವುದರಿಂದ ಎಂಜಿನ್ ನಿಧಾನವಾದರೆ ಬೆಳಕೂ ಮಂಕಾಗುತ್ತದೆ. ಕತ್ತಲಾಗುವ ಮುಂಚೆ ಮನೆ ಸೇರಿಕೊಳ್ಳಿ, ಹಿಂದೆ ಒಂದು ದೊಡ್ಡ ರಿಫ್ಲೆಕ್ಟರ್ ಹಾಕಿಸಿ. ಸ್ಟಾರ್ಟ್ ಆದಾಗ ಪ್ಲಗ್ ಬಿಚ್ಚಿ ಫೋಟೊ ಹಾಕಿ, ಬಣ್ಣ ನೋಡಿ ಕಾರ್ಬ್ ಸೆಟ್ಟಿಂಗ್ ಹೇಳುತ್ತೇನೆ.