ಕಾರವಾರದಿಂದ ವಿರಾಜಪೇಟೆಗೆ ಕ್ಯಾಂಪರ್ ವ್ಯಾನ್: ಘಟ್ಟ ರಾತ್ರಿ ಹತ್ತಬಹುದಾ?

ಕೇಳಿದವರು: ಬೇಟೋಳಿ ಹುಡುಗ
ರಜೆ ಮುಗಿಯಿತು. ಬಾಡಿಗೆ ಕ್ಯಾಂಪರ್ ವ್ಯಾನ್‌ನಲ್ಲಿ (ಒಳಗೇ ಮಲಗಲು, ಅಡುಗೆ ಮಾಡಲು ಜಾಗವಿರುವ ಗಾಡಿ) ಮನೆಗೆ ಹೊರಟಿದ್ದೇವೆ. ಅವ್ವ, ಹೆಂಡತಿ, ಇಬ್ಬರು ಮಕ್ಕಳು ಇದ್ದಾರೆ. ಅವ್ವನಿಗೆ ತಿರುವಿನಲ್ಲಿ ತಲೆ ಸುತ್ತುತ್ತದೆ, ಅದೇ ನನ್ನ ದೊಡ್ಡ ಚಿಂತೆ. ಮಂಗಳೂರು ದಾಟುವಾಗ ಸಂಜೆಯಾಗುತ್ತದೆ. ಸುಳ್ಯ, ಸಂಪಾಜೆ ಮೇಲೆ ರಾತ್ರಿಯೇ ಹತ್ತಲಾ? ಕಣ್ಣೂರು, ಇರಿಟ್ಟಿ, ಮಾಕುಟ್ಟ ಕಡೆಯಿಂದ ಬರಲಾ? ತೋಟದ ಕೆಲಸ ಕಾಯುತ್ತಿದೆ, ಆದ್ರೂ ಇವರೆಲ್ಲ ಆರಾಮಾಗಿ ಮನೆ ಸೇರಬೇಕು.

ಸುಳ್ಯದ ಡ್ರೈವರ್
ರಾತ್ರಿ ಬೇಡ ಅಣ್ಣ. ಪುತ್ತೂರಲ್ಲೋ ಸುಳ್ಯದಲ್ಲೋ ಮಲಗಿ. ಬೆಳಕು ಹರಿದ ಮೇಲೆ ಹೊರಡಿ. ಕೊಯನಾಡು ದಾಟಿದ ಮೇಲೆ ಏರು, ತಿರುವು ಜಾಸ್ತಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದದ್ದು ನೆನಪಿದೆಯಲ್ವಾ? ಜೋರು ಮಳೆಯಿದ್ದರೆ ಹತ್ತಲೇಬೇಡಿ.

ಮಡಿಕೇರಿ ಅಕ್ಕ
ನೀರಿನ ಟ್ಯಾಂಕ್ ಕೆಳಗೇ ಖಾಲಿ ಮಾಡಿ. 100 ಲೀಟರ್ ಅಂದ್ರೆ 100 ಕೆ.ಜಿ., ಸುಮ್ನೆ ಯಾಕೆ ಹೊರಬೇಕು? ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಿ. ಅವ್ವನನ್ನು ಮುಂದೆ ಕೂರಿಸಿ, ಕಿಟಕಿ ಸ್ವಲ್ಪ ತೆರೆದಿಡಿ. ಹೊಟ್ಟೆ ತುಂಬ ತಿನ್ನಿಸಬೇಡಿ.

ಬೇಟೋಳಿ ಹುಡುಗ
ತುಂಬಾ ಉಪಕಾರ ಅಕ್ಕ. ಮಾಕುಟ್ಟ?

ಸುಳ್ಯದ ಡ್ರೈವರ್
ವಿರಾಜಪೇಟೆಗೆ ಅದು ನೇರ ದಾರಿ. ಆದ್ರೆ ಕಾಡೊಳಗಿನ ಇಕ್ಕಟ್ಟು ರಸ್ತೆ. ಎದುರಿಗೆ ಲಾರಿ ಬಂದರೆ ಉದ್ದದ ಗಾಡಿಗೆ ಕಷ್ಟ. ನಾನಾದ್ರೆ ಸಂಪಾಜೆಯಲ್ಲೇ ಬರುತ್ತೇನೆ. ಎಂಜಿನ್ ಬಿಸಿಯಾದರೆ ಅಗಲ ಜಾಗ ನೋಡಿ ನಿಲ್ಲಿಸಿ. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಮಡಿಕೇರಿಯಿಂದ ಇಳಿಯುವಾಗ ಸಣ್ಣ ಗೇರ್‌ನಲ್ಲೇ ಇರಲಿ.